ಓಪನ್‌ಇಎಂಎಸ್ ವಿಮರ್ಶೆ: ತಾಮ್ರ, ಎಫ್‌ಆರ್4, ಗಾಳಿ, ಮಳೆನೀರು

ಪ್ಯಾಚ್ ಆಂಟೆನಾ (ಬೋರ್ಡಿನ ಮೇಲಿನ ತಾಮ್ರದ ಚಪ್ಪಟೆ ತುಂಡು), ಮೈಕ್ರೋಸ್ಟ್ರಿಪ್ ಲೈನ್ (ಬೋರ್ಡಿನ ಮೇಲೆ ಸಿಗ್ನಲ್ ಒಯ್ಯುವ ತಾಮ್ರದ ಪಟ್ಟಿ) ಥರದ ಪದರ ಪದರವಾದ ರಚನೆಗಳಲ್ಲಿ ವಿದ್ಯುತ್ಕಾಂತೀಯ ಕ್ಷೇತ್ರವನ್ನು ಲೆಕ್ಕ ಹಾಕಲು ಉಚಿತವಾಗಿ ಸಿಗುವ ಓಪನ್‌ಇಎಂಎಸ್ ಸಾಫ್ಟ್‌ವೇರ್ ಸಾಕೇ? ಆಂಟೆನಾದ ಮಟ್ಟಿಗೆ ಧಾರಾಳವಾಗಿ ಸಾಕು. ಆದರೆ ಜಾಗವನ್ನು ಲೆಕ್ಕಕ್ಕಾಗಿ ತುಂಡು ಮಾಡುವ ಗ್ರಿಡ್ ಗೆರೆ ಎಲ್ಲಿ ಹಾಕಬೇಕು ಅನ್ನುವುದನ್ನು ಅದು ನಿಮ್ಮ ಪರವಾಗಿ ತೀರ್ಮಾನಿಸುವುದಿಲ್ಲ. ದುಬಾರಿ ಸಾಫ್ಟ್‌ವೇರ್‌ಗಳು ಮರೆಯಲ್ಲಿ ಮಾಡಿಕೊಡುವ ಆ ಕೆಲಸವನ್ನು ಇಲ್ಲಿ ನಾವೇ ಮಾಡಬೇಕು. ಫಲಿತಾಂಶ ಸರಿ ಬರುವುದೂ ಕೆಡುವುದೂ ಬಹುತೇಕ ಅಲ್ಲೇ.

ಹಾಸನದಲ್ಲಿ ಈ ಪ್ರಶ್ನೆ ಏಳುವುದು ಸಹಜ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ, ಇದೆ. ಭೂಸ್ಥಿರ ಉಪಗ್ರಹಗಳ ಜೊತೆಗೆ ಭಾರತದ ಜಿಪಿಎಸ್ ಎನ್ನಬಹುದಾದ ನಾವಿಕ್ ವ್ಯವಸ್ಥೆಯ ಉಪಗ್ರಹಗಳನ್ನೂ ಇಲ್ಲಿಂದಲೇ ನಿಭಾಯಿಸುತ್ತಾರೆ. ಅದೇ ರಸ್ತೆಯಲ್ಲಿ 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇದೆ. ಇಲ್ಲಿ ಇಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್) ಓದುವವರಿಗೆ ಪ್ರಾಜೆಕ್ಟ್ ಎಂದರೆ ನಾವಿಕ್ ಆಂಟೆನಾ ನೆನಪಾಗದೆ ಇರುತ್ತದೆಯೇ? ಹಾಗಾಗಿ ಈ ವಿಮರ್ಶೆಗೆ ಉದಾಹರಣೆಯಾಗಿ ನಾವಿಕ್‌ನ ಎಲ್5 ಸಿಗ್ನಲ್ಲನ್ನೇ ಹಿಡಿದಿದ್ದೇವೆ: 1176.45 ಮೆಗಾಹರ್ಟ್ಸ್, ಅಗಲ 24 ಮೆಗಾಹರ್ಟ್ಸ್.

ಮೊದಲು ಸಾಫ್ಟ್‌ವೇರ್ ಬಗ್ಗೆ. ಜರ್ಮನಿಯ ಡ್ಯೂಸ್‌ಬರ್ಗ್-ಎಸ್ಸೆನ್ ವಿಶ್ವವಿದ್ಯಾಲಯದಲ್ಲಿ ಥಾರ್ಸ್ಟನ್ ಲೀಬಿಗ್ ಶುರುಮಾಡಿದ ಇದು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದೆ. ಒಳಗಿನ ವಿಧಾನ ಎಫ್‌ಡಿಟಿಡಿ. ಕೇನ್ ಯೀ 1966ರಲ್ಲಿ ತೋರಿಸಿಕೊಟ್ಟ ಹಾಗೆ, ಜಾಗವನ್ನು ಇಟ್ಟಿಗೆಯಾಕಾರದ ಸೆಲ್‌ಗಳಾಗಿ ಕತ್ತರಿಸಿ, ವಿದ್ಯುತ್ ಕ್ಷೇತ್ರವನ್ನೂ ಕಾಂತ ಕ್ಷೇತ್ರವನ್ನೂ ಒಂದರ ಹಿಂದೆ ಒಂದರಂತೆ ಸಣ್ಣ ಸಣ್ಣ ಕಾಲದ ಹೆಜ್ಜೆಗಳಲ್ಲಿ ಮುಂದಕ್ಕೆ ನೂಕುವುದು. ಒಂದು ಗಾಸಿಯನ್ ಪಲ್ಸ್ (ಕ್ಷಣಿಕ ಮಿಡಿತ) ಕೊಟ್ಟು, ಅದು ತಣ್ಣಗಾಗುವವರೆಗೆ ಕಾದು, ಪೋರ್ಟಿನ (ಸಿಗ್ನಲ್ ಆಂಟೆನಾಕ್ಕೆ ಹೋಗುವ ಜಾಗದ) ವೋಲ್ಟೇಜು ಮತ್ತು ಕರೆಂಟನ್ನು ಆವರ್ತನವಾರು ಬಿಡಿಸಿ ಫೂರಿಯೆ ರೂಪ ತೆಗೆದರೆ ಇಡೀ ಬ್ಯಾಂಡಿನ ಎಸ್11, ಅಂದರೆ ಪೋರ್ಟಿನಿಂದ ವಾಪಸ್ ಬರುವ ಸಿಗ್ನಲ್ಲಿನ ಪಾಲು, ಒಂದೇ ಓಟದಲ್ಲಿ ಸಿಗುತ್ತದೆ. ಮೌಸಿನಲ್ಲಿ ಚಿತ್ರ ಬರೆಯುವ ಸೌಲಭ್ಯ ಇಲ್ಲ. ಆಕ್ಟೇವ್ ಅಥವಾ ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆಯಬೇಕು. ಜೊತೆಗೆ ಬರುವ ಆಪ್‌ಸಿಎಸ್‌ಎಕ್ಸ್‌ಕ್ಯಾಡ್ ಮುಖ್ಯವಾಗಿ ಬರೆದದ್ದನ್ನು ತೋರಿಸಲು. ಇದನ್ನು ಕೊರತೆ ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ, ಯಾಕೆಂದರೆ ಪ್ಯಾಚಿನ ಉದ್ದ 0.2 ಮಿ.ಮೀ. ಬದಲಿಸಿ ಹತ್ತು ಸಲ ಓಡಿಸಬೇಕಾದಾಗ ಸ್ಕ್ರಿಪ್ಟೇ ಕೈಹಿಡಿಯುವುದು.

ಪುಸ್ತಕದ ಸೂತ್ರಗಳಿಂದ ಶುರುಮಾಡೋಣ. 1.6 ಮಿ.ಮೀ. ದಪ್ಪದ ಎಫ್‌ಆರ್4 (ಸಾಮಾನ್ಯ ಸರ್ಕ್ಯೂಟ್ ಬೋರ್ಡಿನ ಪದಾರ್ಥ), ಡೈಎಲೆಕ್ಟ್ರಿಕ್ ಸ್ಥಿರಾಂಕ 4.4, ಲಾಸ್ ಟ್ಯಾಂಜೆಂಟ್ (ಬೋರ್ಡಿನ ನಷ್ಟದ ಅಳತೆ) 0.02 ಎಂದು ಇಟ್ಟುಕೊಂಡರೆ ಎಲ್5ಗೆ ಪ್ಯಾಚಿನ ಅಗಲ 77.5 ಮಿ.ಮೀ., ಉದ್ದ 60.5 ಮಿ.ಮೀ. ಬರುತ್ತದೆ. ಅಂಚಿನಿಂದ ಹೊರಗೆ ಚಾಚುವ ಫ್ರಿಂಜ್ ಕ್ಷೇತ್ರದ ಲೆಕ್ಕಕ್ಕೆ ಒಂದೊಂದು ತುದಿಯಲ್ಲೂ 0.74 ಮಿ.ಮೀ. ಕಳೆದಿರುತ್ತೇವೆ. ಈ 0.74 ನೆನಪಿರಲಿ.

ಓಪನ್‌ಇಎಂಎಸ್ ಜೊತೆ ಬರುವ ಪ್ಯಾಚ್ ಆಂಟೆನಾ ಪಾಠದಲ್ಲಿ ಗ್ರಿಡ್ಡಿನ ಗಾತ್ರವನ್ನು ಅತಿ ಹೆಚ್ಚಿನ ಆವರ್ತನದ ತರಂಗಾಂತರದ ಇಪ್ಪತ್ತನೇ ಒಂದು ಭಾಗ ಎಂದು ಇಟ್ಟಿದ್ದಾರೆ, ಅಂಚುಗಳ ಹತ್ತಿರ ಅದರ ಅರ್ಧ. ನಮ್ಮ ಉದಾಹರಣೆಯಲ್ಲಿ 1.7 ಗಿಗಾಹರ್ಟ್ಸ್‌ವರೆಗೆ ನೋಡುವುದಾದರೆ ಅದು 8.8 ಮಿ.ಮೀ., ಅಂಚಿನಲ್ಲಿ 4.4 ಮಿ.ಮೀ. ಬಹಳ ಜನ ಪಾಠದ ಸ್ಕ್ರಿಪ್ಟನ್ನು ನಕಲು ಮಾಡಿ, ಅಳತೆ ಮಾತ್ರ ಬದಲಿಸಿ ಓಡಿಸುತ್ತಾರೆ. ಗಾಳಿಯಲ್ಲಿ 8.8 ಸರಿಯೇ. ಪ್ಯಾಚಿನ ಅಂಚಿನಲ್ಲಿ ಮಾತ್ರ 4.4 ತೀರಾ ಒರಟು. ಅಲ್ಲಿ ಕ್ಷೇತ್ರ ಬದಲಾಗುವುದು ತರಂಗಾಂತರದ ಅಳತೆಯಲ್ಲಿ ಅಲ್ಲ, ಬೋರ್ಡಿನ ದಪ್ಪದ ಅಳತೆಯಲ್ಲಿ. 0.74 ಮಿ.ಮೀ. ಚಾಚಿಕೊಂಡಿರುವುದನ್ನು 4.4 ಮಿ.ಮೀ. ಸೆಲ್ ಹೇಗೆ ನೋಡೀತು?

ಒಂದೇ ಅಂಚನ್ನು ಹತ್ತಿರದಿಂದ ನೋಡೋಣ. ಪ್ಯಾಚಿನ ನಡುಮಧ್ಯ ಸೊನ್ನೆ ಎಂದಿಟ್ಟರೆ ಬಲಗಡೆಯ ಅಂಚು 30.25 ಮಿ.ಮೀ.ನಲ್ಲಿದೆ. ಸಹಜವಾಗಿ ಕೈ ಹೋಗುವುದು 30.25ರಲ್ಲೇ ಒಂದು ಗೆರೆ ಹಾಕಲು. ಹಾಗೆ ಮಾಡಬಾರದು. ತಾಮ್ರದ ಹರಿತವಾದ ಅಂಚಿನಲ್ಲಿ ಕ್ಷೇತ್ರ ವಿಪರೀತ ಏರುತ್ತದೆ. ಆ ಏರಿಕೆಯನ್ನು ಒಂದು ಸೆಲ್ಲಿನ ಸರಾಸರಿ ಹಿಡಿಯಲಾರದು. ಅದರಿಂದ ಲೋಹ ತನ್ನ ನಿಜ ಅಳತೆಗಿಂತ ತುಸು ಹೊರಗೆ ಚಾಚಿದಂತೆ ಲೆಕ್ಕ ನಡೆಯುತ್ತದೆ, ಪ್ಯಾಚ್ ಉದ್ದವಾದಂತಾಗಿ ಅನುರಣನ, ಅಂದರೆ ಆಂಟೆನಾ ಚೆನ್ನಾಗಿ ಸ್ಪಂದಿಸುವ ಆವರ್ತನ, ಕೆಳಗೆ ಜಾರುತ್ತದೆ. ಇದಕ್ಕೆ ಮದ್ದು ಮೂರನೇ ಒಂದರ ನಿಯಮ: ಅಂಚಿನಿಂದ ಸೆಲ್ಲಿನ ಮೂರನೇ ಒಂದು ಭಾಗ ಒಳಗೆ ಒಂದು ಗೆರೆ, ಮೂರನೇ ಎರಡು ಭಾಗ ಹೊರಗೆ ಇನ್ನೊಂದು. ಅಂಚಿನ ಸೆಲ್ 1 ಮಿ.ಮೀ. ಎಂದು ಆರಿಸಿಕೊಂಡರೆ ಗೆರೆಗಳು 29.92 ಮತ್ತು 30.92ರಲ್ಲಿ ಬೀಳುತ್ತವೆ. ಅಂಚಿನ ಮೇಲೆ ಯಾವ ಗೆರೆಯೂ ಇರುವುದಿಲ್ಲ. ಪೈಥಾನ್‌ನಲ್ಲಿ ಅಂಚಿನ ರೆಸಲ್ಯೂಶನ್ ಎಂಬ ಒಂದು ಸಂಖ್ಯೆ ಕೊಟ್ಟರೆ ಇದು ತಾನೇ ಆಗುತ್ತದೆ. ಪಾಠದಲ್ಲಿರುವ ಮೌಲ್ಯ ತೆಗೆದು 1 ಎಂದು ಬರೆಯಿರಿ, ಅಷ್ಟೇ. ಇಡೀ ಸ್ಕ್ರಿಪ್ಟಿನಲ್ಲಿ ಇಷ್ಟು ಲಾಭ ಕೊಡುವ ಬದಲಾವಣೆ ಇನ್ನೊಂದಿಲ್ಲ.

ಎತ್ತರದ ದಿಕ್ಕಿನಲ್ಲಿ ಮಾತ್ರ ಲೋಹದ ಮಟ್ಟದಲ್ಲೇ ಗೆರೆ ಬೇಕು: ಗ್ರೌಂಡಿಗೆ (ಬೋರ್ಡಿನ ಅಡಿಯ ತಾಮ್ರಕ್ಕೆ) 0ಯಲ್ಲಿ, ಪ್ಯಾಚಿಗೆ 1.6ರಲ್ಲಿ. ನಡುವಿನ ಬೋರ್ಡಿಗೆ 4 ಸೆಲ್, ಅಂದರೆ 0.4 ಮಿ.ಮೀ. ಒಂದೊಂದು. 1.6ರಲ್ಲಿ ಗೆರೆ ಇಲ್ಲದಿದ್ದರೆ ದಪ್ಪವಿಲ್ಲದ ಆ ಪ್ಯಾಚ್ ಲೆಕ್ಕದಿಂದಲೇ ಮಾಯವಾಗುತ್ತದೆ. ಬಳಕೆಯಾಗದ ಆಕೃತಿ ಇದೆ ಎಂಬ ಎಚ್ಚರಿಕೆಯ ಸಾಲು ಪರದೆಯ ಮೇಲೆ ಹರಿದುಹೋಗುತ್ತದೆ, ಓಟ ನಿಲ್ಲುವುದಿಲ್ಲ. ಫೀಡಿಗೆ (ಪ್ಯಾಚಿಗೆ ಸಿಗ್ನಲ್ ಕೊಡುವ ಜಾಗಕ್ಕೆ) ಇಟ್ಟ ಲಂಪ್ಡ್ ಪೋರ್ಟ್ ಗೆರೆಗಳ ನಡುವೆ ಬಿದ್ದಾಗಲೂ ಇದೇ ಕಥೆ. ಎಸ್11 ಸೊನ್ನೆ ಡಿಬಿಯಲ್ಲಿ ಚಪ್ಪಟೆಯಾಗಿ ಮಲಗಿದ್ದರೆ ಮೊದಲು ಹುಡುಕಬೇಕಾದದ್ದು ಆ ಎಚ್ಚರಿಕೆಯ ಸಾಲನ್ನು.

ತಾಮ್ರದ 35 ಮೈಕ್ರಾನ್ ದಪ್ಪವನ್ನು ನಿಜವಾಗಿಯೂ ಬಿಡಿಸಬೇಕೇ ಎಂದು ಕೇಳುತ್ತಾರೆ. ಬೇಡ. ಈ ಆವರ್ತನದಲ್ಲಿ ಕರೆಂಟು ಮೇಲ್ಮೈಯ ಸುಮಾರು 2 ಮೈಕ್ರಾನ್‌ನಲ್ಲೇ ಹರಿಯುತ್ತದೆ. ತಾಮ್ರದ ನಷ್ಟ ಬೇಕಿದ್ದವರಿಗೆ ಕಂಡಕ್ಟಿಂಗ್ ಶೀಟ್ ಎಂಬ ಪದಾರ್ಥ ಇದೆ, ದಪ್ಪವನ್ನೂ ವಾಹಕತೆಯನ್ನೂ ಸಂಖ್ಯೆಯಾಗಿ ಕೊಟ್ಟರಾಯಿತು. 0.035 ಮಿ.ಮೀ. ಸೆಲ್ ಹಾಕಿದರೆ ಕಾಲದ ಹೆಜ್ಜೆ 0.4 ಮಿ.ಮೀ. ಸೆಲ್ಲಿಗೆ ಹೋಲಿಸಿದರೆ ಹನ್ನೊಂದು ಪಟ್ಟು ಕಿರಿದಾಗುತ್ತದೆ, ಸಿಗುವ ಲಾಭ ಏನೂ ಇಲ್ಲ.

ಕಾಲದ ಹೆಜ್ಜೆಯ ವಿಷಯ ಇನ್ನಷ್ಟು ಹೇಳಬೇಕು. ಬೆಳಕು ಅತಿ ಸಣ್ಣ ಸೆಲ್ಲನ್ನು ದಾಟಲು ಬೇಕಾದ ಹೊತ್ತಿಗಿಂತ ದೊಡ್ಡ ಹೆಜ್ಜೆ ಇಟ್ಟರೆ ಎಫ್‌ಡಿಟಿಡಿ ಸಿಡಿದುಹೋಗುತ್ತದೆ. ನಮ್ಮ ಗ್ರಿಡ್ಡಿಗೆ ಅದು ಸುಮಾರು 1.2 ಪಿಕೊಸೆಕೆಂಡ್. ಈಗ ಅಂಚಿನ ಗೆರೆ ಒಂದು, ಪೋರ್ಟಿನ ಗೆರೆ ಒಂದು, ಎರಡರ ನಡುವೆ ಅಪ್ಪಿತಪ್ಪಿ 0.001 ಮಿ.ಮೀ. ಅಂತರ ಉಳಿಯಿತು ಅನ್ನಿ. ಹೆಜ್ಜೆ ಸುಮಾರು 3 ಫೆಮ್ಟೊಸೆಕೆಂಡಿಗೆ ಇಳಿಯುತ್ತದೆ. ಮೂರು ನಿಮಿಷದ ಕೆಲಸಕ್ಕೆ ಇಡೀ ರಾತ್ರಿ ಸಾಲದು. ಓಟದ ಶುರುವಿನಲ್ಲೇ ಹೆಜ್ಜೆಯ ಗಾತ್ರವನ್ನು ಪರದೆಯ ಮೇಲೆ ಬರೆಯುತ್ತದೆ. ಅದನ್ನು ಓದದೆ ಎದ್ದು ಹೋಗಬೇಡಿ. ಆಪ್‌ಸಿಎಸ್‌ಎಕ್ಸ್‌ಕ್ಯಾಡ್‌ನಲ್ಲಿ ಗ್ರಿಡ್ ತೆರೆದು ನೋಡಿದರೆ ಅಂಥ ಜೋಡಿ ಗೆರೆ ಒಂದೇ ದಪ್ಪ ಗೆರೆಯಂತೆ ಕಾಣುತ್ತದೆ.

ಎಷ್ಟು ಹೆಜ್ಜೆ ಓಡಿಸಬೇಕು? ಪಾಠದಲ್ಲಿ 30,000 ಎಂದಿದೆ, ಒಳಗಿನ ಶಕ್ತಿ ಹತ್ತು ಸಾವಿರದ ಒಂದು ಭಾಗಕ್ಕೆ ಇಳಿದರೆ ಅದಕ್ಕೂ ಮೊದಲೇ ನಿಲ್ಲಿಸು ಎಂದಿದೆ. ಆ ಪಾಠದ ಆಂಟೆನಾ 2 ಗಿಗಾಹರ್ಟ್ಸ್‌ನದು, ಬೋರ್ಡಿನ ಸ್ಥಿರಾಂಕ 3.38. ನಮ್ಮ ಎಲ್5 ಪ್ಯಾಚಿನ ಕ್ಯೂ, ಅಂದರೆ ಒಳಗಿನ ಶಕ್ತಿ ಎಷ್ಟು ನಿಧಾನವಾಗಿ ತಣಿಯುತ್ತದೆ ಎಂಬ ಅಳತೆ, ಸುಮಾರು 37. ಶಕ್ತಿ 40 ಡಿಬಿ ಇಳಿಯಲು ಸುಮಾರು 46 ನ್ಯಾನೊಸೆಕೆಂಡ್ ಬೇಕು, ಅಂದರೆ 40,000 ಹೆಜ್ಜೆ. ಪಲ್ಸಿಗೇ ಇನ್ನೊಂದು 5,000. 30,000ಕ್ಕೆ ಕಡಿದರೆ ಎಸ್11 ಗೆರೆಯ ಮೇಲೆ ಸಣ್ಣ ಸಣ್ಣ ಅಲೆಗಳು ಏಳುತ್ತವೆ. ಅದನ್ನು ಎರಡು ಅನುರಣನ ಎಂದು ವರದಿಯಲ್ಲಿ ಬರೆದುಕೊಂಡವರಿದ್ದಾರೆ. ಮಿತಿಯನ್ನು 80,000ಕ್ಕೆ ಏರಿಸಿ, ನಿಲ್ಲಿಸುವ ಕೆಲಸವನ್ನು ಶಕ್ತಿಯ ಮಟ್ಟಕ್ಕೇ ಬಿಡಿ. ಬೋರ್ಡಿನ ನಷ್ಟವನ್ನು ಸೊನ್ನೆ ಎಂದಿಟ್ಟರೆ ಕ್ಯೂ 170ರ ಆಸುಪಾಸಿಗೆ ಏರಿ ಹೆಜ್ಜೆಗಳು 2 ಲಕ್ಷದ ಹತ್ತಿರ ಹೋಗುತ್ತವೆ.

ಇಷ್ಟಕ್ಕೆಲ್ಲ ದೊಡ್ಡ ಯಂತ್ರ ಬೇಕಿಲ್ಲ. ಪ್ಯಾಚಿನ ಸುತ್ತ ಕಾಲು ತರಂಗಾಂತರ, ಅಂದರೆ 64 ಮಿ.ಮೀ. ಗಾಳಿ ಬಿಟ್ಟು, ಅದರಾಚೆ 8 ಸೆಲ್ಲಿನ ಪಿಎಂಎಲ್ (ಹೊರಹೋಗುವ ತರಂಗವನ್ನು ಹೀರುವ ಗಡಿ ಪದರ) ಹಾಕಿದರೂ ಒಟ್ಟು 2 ಲಕ್ಷ ಸೆಲ್ ದಾಟುವುದಿಲ್ಲ. 2 ಲಕ್ಷವನ್ನು 45,000 ಹೆಜ್ಜೆಯಿಂದ ಗುಣಿಸಿದರೆ 900 ಕೋಟಿ. ಲ್ಯಾಪ್‌ಟಾಪ್ ಸೆಕೆಂಡಿಗೆ 5 ಕೋಟಿ ಸೆಲ್ ನೂಕಿದರೆ 3 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮೆಮೊರಿ ಕೆಲವು ಹತ್ತು ಎಂಬಿ ಅಷ್ಟೇ. ಥ್ರೆಡ್ ಎಂಟು ಕೊಟ್ಟರೆ ಎಂಟು ಪಟ್ಟು ವೇಗ ಬಂದೀತು ಎಂದು ಕಾಯಬೇಡಿ: ಇಲ್ಲಿ ತಡೆ ಇರುವುದು ಮೆಮೊರಿಯಿಂದ ಸಂಖ್ಯೆ ತರುವ ವೇಗದಲ್ಲಿ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ನಾಲ್ಕರ ಆಚೆ ಹೆಚ್ಚೇನೂ ಸಿಗುವುದಿಲ್ಲ.

ನಷ್ಟದ ವಿಷಯದಲ್ಲಿ ಒಂದು ಬಲೆ ಇದೆ. ಓಪನ್‌ಇಎಂಎಸ್ ಸಾಮಾನ್ಯ ಪದಾರ್ಥಕ್ಕೆ ಲಾಸ್ ಟ್ಯಾಂಜೆಂಟ್ ಕೇಳುವುದಿಲ್ಲ, ವಾಹಕತೆ ಕೇಳುತ್ತದೆ. 1176.45 ಮೆಗಾಹರ್ಟ್ಸ್‌ನಲ್ಲಿ 0.02ಕ್ಕೆ ಸಮನಾದ ವಾಹಕತೆ ಮೀಟರಿಗೆ 0.00576 ಸೀಮನ್ಸ್. ಅದು ಆ ಒಂದು ಆವರ್ತನಕ್ಕೆ ಮಾತ್ರ ಸರಿ. ಇದೇ ಸ್ಕ್ರಿಪ್ಟಿನಲ್ಲಿ ನಾವಿಕ್‌ನ ಎಸ್ ಬ್ಯಾಂಡ್, ಅಂದರೆ 2492.028 ಮೆಗಾಹರ್ಟ್ಸ್ ಸಹ ನೋಡಲು ಹೊರಟರೆ ಅಲ್ಲಿ ನಷ್ಟ 0.0094ಕ್ಕೆ ಇಳಿದಂತೆ ಲೆಕ್ಕವಾಗಿ ಆಂಟೆನಾ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಎರಡು ಬ್ಯಾಂಡಿಗೆ ಎರಡು ಓಟ ಮಾಡಿ.

ಇನ್ನೂ ಮುಖ್ಯವಾದದ್ದು, ಎಸ್11 ಆಳಕ್ಕೆ ಇಳಿದ ಮಾತ್ರಕ್ಕೆ ಆಂಟೆನಾ ಪ್ರಸಾರ ಮಾಡುತ್ತಿದೆ ಎಂದು ಅರ್ಥವಲ್ಲ. 1.6 ಮಿ.ಮೀ. ಎಫ್‌ಆರ್4 ಮೇಲೆ ಎಲ್5 ಪ್ಯಾಚಿನ ದಕ್ಷತೆ ಕಾಲು ಭಾಗದ ಹತ್ತಿರ. ಉಳಿದದ್ದು ಬೋರ್ಡಿನಲ್ಲೇ ಬಿಸಿಯಾಗಿ ಹೋಗುತ್ತದೆ. ಜೊತೆಗೆ ಬರುವ, ದೂರದ ಕ್ಷೇತ್ರ ಲೆಕ್ಕ ಹಾಕುವ ಫಾರ್ ಫೀಲ್ಡ್ ಉಪಕರಣ ಇದನ್ನು ಕರಾರುವಾಕ್ಕಾಗಿ ತೋರಿಸುತ್ತದೆ. ಪ್ರಸಾರವಾದ ಶಕ್ತಿಯನ್ನು ಪೋರ್ಟಿನಲ್ಲಿ ಒಳಗೆ ಹೋದ ಶಕ್ತಿಯಿಂದ ಭಾಗಿಸಿದರೆ ದಕ್ಷತೆ. ಫಾರ್ ಫೀಲ್ಡ್ ದಾಖಲಿಸುವ ಪೆಟ್ಟಿಗೆ ಪಿಎಂಎಲ್ ಒಳಗೆ ನುಗ್ಗಿರಬಾರದು. ನುಗ್ಗಿದರೆ ದಕ್ಷತೆಯ ಅಂಕಿಯೇ ಸುಳ್ಳಾಗುತ್ತದೆ. ಪ್ರಾಜೆಕ್ಟ್ ವರದಿಗಳಲ್ಲಿ ಈ ಅಂಕಿ ಬಹಳ ಸಲ ಇರುವುದೇ ಇಲ್ಲ, ಅದು ನಿಜಕ್ಕೂ ಬೇಸರದ ಸಂಗತಿ.

ಫೀಡಿನ ಜಾಗಕ್ಕೆ ಒಂದು ಕೈಲೆಕ್ಕ ಇದೆ: ಅಂಚಿನಿಂದ ಒಳಗೆ ಹೋದಂತೆ ರೋಧ ಕೊಸೈನ್‌ನ ವರ್ಗದಂತೆ ಇಳಿದು ಮಧ್ಯದಲ್ಲಿ ಸೊನ್ನೆಯಾಗುತ್ತದೆ. ಅಂಚಿನಲ್ಲಿ 200 ಓಂ ಇದ್ದರೆ ಕೇಬಲ್ಲಿಗೆ ಹೊಂದುವ 50 ಓಂ ಸಿಗುವುದು ಉದ್ದದ ಮೂರನೇ ಒಂದರಲ್ಲಿ, ಅಂದರೆ ಅಂಚಿನಿಂದ ಸುಮಾರು 20 ಮಿ.ಮೀ. ಒಳಗೆ. ಅಲ್ಲಿಂದ ಅಕ್ಕಪಕ್ಕ 1 ಮಿ.ಮೀ. ಸರಿಸುತ್ತ ಹುಡುಕಿ. ನಾವಿಕ್ ಸಿಗ್ನಲ್ ಬಲಗೈ ವೃತ್ತೀಯ ಧ್ರುವೀಕರಣದ್ದು (ಕ್ಷೇತ್ರ ತಿರುಗುತ್ತ ಬರುವಂಥದ್ದು), ಆಯತದ ಪ್ಯಾಚಿನಲ್ಲಿ ಹಿಡಿದರೆ 3 ಡಿಬಿ ನಷ್ಟ. ಇದನ್ನು ತಪ್ಪಿಸಲು ಪುಸ್ತಕಗಳಲ್ಲಿ ಚೌಕದ ಎರಡು ಮೂಲೆ ಓರೆಯಾಗಿ ಕತ್ತರಿಸುವ ವಿನ್ಯಾಸ ಮೊದಲು ಸಿಗುತ್ತದೆ. ಈ ಸಾಫ್ಟ್‌ವೇರಿಗೆ ಅದು ಒಗ್ಗುವುದಿಲ್ಲ: ಚೌಕ ಗ್ರಿಡ್ಡಿನಲ್ಲಿ ಓರೆ ಅಂಚು ಮೆಟ್ಟಿಲಾಗುತ್ತದೆ, ಮೂರನೇ ಒಂದರ ನಿಯಮವೂ ಅಲ್ಲಿ ನಡೆಯುವುದಿಲ್ಲ. ಅದರ ಬದಲು ಬದಿಗಳಲ್ಲಿ ಚೂರು ವ್ಯತ್ಯಾಸವಿರುವ ಪ್ಯಾಚ್ ತೆಗೆದುಕೊಂಡು ಫೀಡನ್ನು ಕರ್ಣದ ಮೇಲೆ ಇಡಿ. ವ್ಯತ್ಯಾಸ ಸುಮಾರು ಕ್ಯೂನ ವಿಲೋಮ: ಕ್ಯೂ 40 ಇದ್ದರೆ 60 ಮಿ.ಮೀ.ಗೆ 1.5 ಮಿ.ಮೀ. ಎಲ್ಲ ಅಂಚೂ ಗ್ರಿಡ್ಡಿಗೆ ನೇರವಾಗಿಯೇ ಉಳಿಯುತ್ತದೆ.

ಇಷ್ಟು ಮಾಡಿ, ಬೋರ್ಡ್ ಎಚ್ಚಿಂಗ್ ಮಾಡಿ, ನ್ಯಾನೋವಿಎನ್‌ಎ (ಎಸ್11 ಅಳೆಯುವ ಸಣ್ಣ ಉಪಕರಣ) ಹಚ್ಚಿದಾಗ ಅನುರಣನ 1150ರಲ್ಲಿ ಕಂಡರೆ? ಸಾಫ್ಟ್‌ವೇರನ್ನು ಬೈಯುವ ಮೊದಲು ಬೋರ್ಡನ್ನು ಅನುಮಾನಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಯಾಗಿ ತಂದ ಎಫ್‌ಆರ್4 ಹಾಳೆಯ ಸ್ಥಿರಾಂಕ 4.4 ಎಂದು ಯಾರೂ ಬರೆದುಕೊಟ್ಟಿರುವುದಿಲ್ಲ. ಸ್ಥಿರಾಂಕದಲ್ಲಿ 0.2 ತಪ್ಪಾದರೆ ಅನುರಣನ ಸುಮಾರು 27 ಮೆಗಾಹರ್ಟ್ಸ್ ಸರಿಯುತ್ತದೆ. ಎಲ್5 ಬ್ಯಾಂಡಿನ ಪೂರ್ತಿ ಅಗಲಕ್ಕಿಂತ ಅದು ಜಾಸ್ತಿ. ಲೆಕ್ಕದಲ್ಲಿ 1176.45, ಅಳತೆಯಲ್ಲಿ 1150 ಬಂದಿದ್ದರೆ ಎರಡರ ಅನುಪಾತವನ್ನು ವರ್ಗ ಮಾಡಿ 4.4ರಿಂದ ಗುಣಿಸಿ: ನಿಮ್ಮ ಹಾಳೆಯ ಸ್ಥಿರಾಂಕ 4.6. ಅದೇ ಹಾಳೆಯಲ್ಲಿ ಮೊದಲು ಒಂದು ಪರೀಕ್ಷಾ ಪ್ಯಾಚ್ ಮಾಡಿ ಈ ಸಂಖ್ಯೆ ತೆಗೆದುಕೊಂಡು ಆಮೇಲೆ ಅಸಲಿ ವಿನ್ಯಾಸಕ್ಕೆ ಇಳಿಯುವುದು ಒಳ್ಳೆಯದು. ಇಲ್ಲಿ ಒಂದು ಷರತ್ತು ಇದೆ: ಗ್ರಿಡ್ ಅರ್ಧಕ್ಕೆ ಇಳಿಸಿ ಮತ್ತೆ ಓಡಿಸಿದಾಗ ಲೆಕ್ಕದ ಆವರ್ತನ ಅರ್ಧ ಶೇಕಡಾಕ್ಕಿಂತ ಹೆಚ್ಚು ಅಲ್ಲಾಡಬಾರದು. ಅಲ್ಲಾಡಿದರೆ ನೀವು ಅಳೆಯುತ್ತಿರುವುದು ಹಾಳೆಯನ್ನಲ್ಲ, ನಿಮ್ಮ ಗ್ರಿಡ್ಡನ್ನು.

ಚಿಕ್ಕಮಗಳೂರು ಕಡೆಯವರಿಗೆ ಇನ್ನೊಂದು ಪದರದ ಚಿಂತೆ ಇದೆ. ಕಾಫಿ ತೋಟದಲ್ಲಿ ಮಣ್ಣಿನ ತೇವದ ಮಾಹಿತಿ ಕಳಿಸುವ ಲೋರಾ (ಕಡಿಮೆ ಶಕ್ತಿಯಲ್ಲಿ ದೂರ ತಲುಪುವ ರೇಡಿಯೊ) ಪೆಟ್ಟಿಗೆ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಆಂಟೆನಾ ಮೇಲೆ ಗಾಳಿ, ಅದರ ಮೇಲೆ 3 ಮಿ.ಮೀ. ಎಬಿಎಸ್ ಪ್ಲಾಸ್ಟಿಕ್ ಮುಚ್ಚಳ, ಆಷಾಢದಲ್ಲಿ ಅದರ ಮೇಲೆ ನೀರಿನ ತೆಳು ಪೊರೆ. ಒಣ ಮುಚ್ಚಳದಿಂದ ನೇರವಾಗಿ ಹೊರಡುವ ತರಂಗ ಪ್ರತಿಫಲಿಸುವುದು ಶೇಕಡಾ 0.25ರಷ್ಟು, ಲೆಕ್ಕಕ್ಕೇ ಇಲ್ಲ. ನೀರಿನ ಸ್ಥಿರಾಂಕ ಸುಮಾರು 78, ಅರ್ಧ ಮಿ.ಮೀ. ಪೊರೆ ಮಾತ್ರಕ್ಕೆ ಶೇಕಡಾ 11 ಶಕ್ತಿ ವಾಪಸ್ ಬರುತ್ತದೆ. ಇಷ್ಟಕ್ಕೆ ಓಪನ್‌ಇಎಂಎಸ್ ತೆರೆಯುವುದೇ ಬೇಡ. ಕೊನೆಯಿಲ್ಲದ ಸಮತಟ್ಟು ಪದರಗಳಿಗೆ ಪದರಕ್ಕೊಂದು ಮ್ಯಾಟ್ರಿಕ್ಸ್ ಬರೆದು ಗುಣಿಸುವ ಟ್ರಾನ್ಸ್‌ಫರ್ ಮ್ಯಾಟ್ರಿಕ್ಸ್ ವಿಧಾನದ ಹತ್ತು ಸಾಲಿನ ಸ್ಕ್ರಿಪ್ಟ್ ಕಣ್ಣುಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತದೆ.

ಆದರೆ ಮುಚ್ಚಳ ಆಂಟೆನಾಕ್ಕೆ ಐದಾರು ಮಿ.ಮೀ. ಹತ್ತಿರ ಇದ್ದಾಗ ನೀರು ಮಾಡುವ ದೊಡ್ಡ ಹಾನಿ ಪ್ರತಿಫಲನವಲ್ಲ. ಅದು ಫ್ರಿಂಜ್ ಕ್ಷೇತ್ರಕ್ಕೆ ಕೈಹಾಕಿ ಅನುರಣನವನ್ನೇ ಕೆಳಗೆ ಎಳೆಯುತ್ತದೆ. ಅದನ್ನು ಮ್ಯಾಟ್ರಿಕ್ಸ್ ಹೇಳಲಾರದು, ಓಪನ್‌ಇಎಂಎಸ್ ಹೇಳುತ್ತದೆ. ಪೊರೆಗೆ ಕನಿಷ್ಠ ಎರಡು ಸೆಲ್ ಕೊಡಿ. ನೀರಿನಲ್ಲಿ ತರಂಗಾಂತರ ಒಂಬತ್ತು ಪಟ್ಟು ಕುಗ್ಗುವುದರಿಂದ ಅಡ್ಡ ದಿಕ್ಕಿನ ಗ್ರಿಡ್ಡೂ ನೀರಿರುವಷ್ಟು ಜಾಗದಲ್ಲಿ ಸಣ್ಣದಾಗಬೇಕು. ಓಟ ಮೂರು ನಿಮಿಷದಿಂದ ಅರ್ಧ ಗಂಟೆಗೆ ಏರಬಹುದು. ಒಣ ಮತ್ತು ಒದ್ದೆ ಎರಡೂ ಓಡಿಸಿ, ಎರಡರಲ್ಲೂ 866 ಬ್ಯಾಂಡಿನೊಳಗೆ ಉಳಿಯುವಂತೆ ಮುಚ್ಚಳವನ್ನು ಎತ್ತರಿಸುವುದು ಮಲೆನಾಡಿನ ವಿನ್ಯಾಸಕ್ಕೆ ತಕ್ಕ ಕ್ರಮ.

ಯಾವುದಕ್ಕೆ ಇದು ಬೇಡ? ತಾಮ್ರದ ಪಟ್ಟಿಗಳ ನಡುವೆ 0.2 ಮಿ.ಮೀ. ಸಂದಿರುವ ಕಪಲ್ಡ್ ಲೈನ್ ಫಿಲ್ಟರುಗಳಿಗೆ. ಸಂದಿಗೆ ನಾಲ್ಕು ಸೆಲ್ ಎಂದರೆ 0.05 ಮಿ.ಮೀ., ಹೆಜ್ಜೆ ಪಾತಾಳಕ್ಕೆ ಇಳಿಯುತ್ತದೆ. ಫಿಲ್ಟರಿನ ಕ್ಯೂ ಹೆಚ್ಚಿರುವುದರಿಂದ ಪಲ್ಸ್ ತಣಿಯಲೂ ಹೊತ್ತು ಬೇಕು. ಅಲ್ಲಿ ತಾಮ್ರದ ಮೇಲಿನ ಕರೆಂಟನ್ನೇ ಲೆಕ್ಕ ಹಾಕುವ ಮೊಮೆಂಟ್ ವಿಧಾನವೇ ಮೇಲು. ರೇಡಿಯೊ ತರಂಗ ನೆಲದ ಮೇಲೆ ಹೇಗೆ ಹರಡುತ್ತದೆ ಎಂದು ಭೌತವಿಜ್ಞಾನಿ ಸೊಮರ್‌ಫೆಲ್ಡ್ 1909ರಲ್ಲಿ ಬಿಡಿಸಿದ ಲೆಕ್ಕದ ವಂಶದ್ದೇ ಅದು: ಪದರಗಳ ಪ್ರಭಾವವೆಲ್ಲ ಗ್ರೀನ್ ಫಂಕ್ಷನ್ನಿನೊಳಗೆ (ಒಂದು ಬಿಂದುವಿನ ಕರೆಂಟು ಎಬ್ಬಿಸುವ ಕ್ಷೇತ್ರದ ಸೂತ್ರದೊಳಗೆ) ಸೇರಿಹೋಗುತ್ತದೆ, ಗ್ರಿಡ್ ಬೇಕಾಗುವುದು ತಾಮ್ರಕ್ಕೆ ಮಾತ್ರ. ಪದರ ಎಷ್ಟೇ ತೆಳುವಾದರೂ ಖರ್ಚು ಹೆಚ್ಚುವುದಿಲ್ಲ. ಈ ಬಗೆಯ ಸಾಫ್ಟ್‌ವೇರ್ ಆದ ಸೋನೆಟ್‌ನ ಉಚಿತ ಆವೃತ್ತಿ ಲೈಟ್‌ನಲ್ಲಿ ಪದರ, ಪೋರ್ಟ್, ಮೆಮೊರಿಗಳಿಗೆ ಮಿತಿ ಇದ್ದರೂ ಕಾಲೇಜು ಮಟ್ಟದ ಫಿಲ್ಟರಿಗೆ ಸಾಕಾಗುತ್ತದೆ. ಅದು ಎಲ್ಲವನ್ನೂ ಲೋಹದ ಪೆಟ್ಟಿಗೆಯೊಳಗೆ ಇಟ್ಟು ಲೆಕ್ಕ ಹಾಕುವುದರಿಂದ ಆಂಟೆನಾಕ್ಕಿಂತ ಫಿಲ್ಟರಿಗೇ ಹೆಚ್ಚು ಹೊಂದುತ್ತದೆ. ಇನ್ನು ಬೋರ್ಡ್ ವಿನ್ಯಾಸದ ಕೈಕ್ಯಾಡ್‌ನಂಥದರಲ್ಲಿ ಮಾಡಿದ ಇಡೀ ಪಿಸಿಬಿಯ ಟ್ರೇಸುಗಳನ್ನು ಬೋರ್ಡ್ ತಯಾರಿಗೆ ಕೊಡುವ ಗರ್ಬರ್ ಕಡತದಿಂದಲೇ ಓಪನ್‌ಇಎಂಎಸ್‌ಗೆ ಹಾಕಬೇಕೆಂದರೆ ಆಂಟ್‌ಮೈಕ್ರೊ ಕಂಪನಿಯ ಗರ್ಬರ್2ಇಎಂಎಸ್ ಎಂಬ ಮುಕ್ತ ಉಪಕರಣ ಇದೆ.

ಹಾಕಿಕೊಳ್ಳುವ ವಿಷಯ: ವಿಂಡೋಸ್‌ನಲ್ಲಿ ಜಿಪ್ ಬಿಚ್ಚಿ ಆಕ್ಟೇವ್‌ಗೆ ದಾರಿ ತೋರಿಸುವುದು ಸುಲಭ. ಲಿನಕ್ಸ್‌ನಲ್ಲಿ ಮೂಲದಿಂದ ಕಟ್ಟಿಕೊಂಡು ಪೈಥಾನ್ ಜೊತೆ ಬಳಸುವುದು ಚೆಂದ. ಕ್ಷೇತ್ರದ ಚಿತ್ರಕ್ಕೆ ಪ್ಯಾರಾವ್ಯೂ ಬೇಕಾಗುತ್ತದೆ, ಅದೂ ಉಚಿತ. ದಾಖಲೆ ತೆಳ್ಳಗಿದೆ, ಪಾಠದ ಸ್ಕ್ರಿಪ್ಟುಗಳು ಚೆನ್ನಾಗಿವೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇವೆ. ಒಂದು ಕಳೆದಿರುವುದು ಎಚ್ಚರಿಕೆಗಳನ್ನು ಪರದೆಯ ಮೇಲೆ ಹರಿಯಬಿಟ್ಟು ಓಟ ಮುಂದುವರಿಸುವ ಅಭ್ಯಾಸಕ್ಕೆ.

ಪ್ರಾಜೆಕ್ಟ್ ವರದಿಗೆ ಬಳಸುವವರು ಎಸ್11 ಚಿತ್ರದ ಕೆಳಗೆ ನಾಲ್ಕು ಸಂಖ್ಯೆ ಬರೆಯಿರಿ: ಒಟ್ಟು ಸೆಲ್, ಕಾಲದ ಹೆಜ್ಜೆ, ಓಟ ನಿಂತಾಗ ಉಳಿದಿದ್ದ ಶಕ್ತಿ, ಗ್ರಿಡ್ ಅರ್ಧ ಮಾಡಿದಾಗ ಅನುರಣನ ಸರಿದ ಮೆಗಾಹರ್ಟ್ಸ್. ವೈವಾದಲ್ಲಿ ಈ ಉತ್ತರ ನಂಬುವುದು ಹೇಗೆ ಎಂದು ಕೇಳಿದರೆ ತೋರಿಸಬೇಕಾದದ್ದು ಅವನ್ನೇ.